ಅನುದಾನಿತ ಪ್ರೌಢಶಾಲೆಗಳ ಸಾಧನೆಯ ಅಳತೆ: ಸಾರ್ವಜನಿಕ ದತ್ತಾಂಶ ಮತ್ತು ಉತ್ತರದಾಯಿತ್ವ

ಸಾರ್ವಜನಿಕ ಹಣದಿಂದ ನಡೆಯುವ, ಆದರೆ ಖಾಸಗಿ ಆಡಳಿತ ಮಂಡಳಿಯ ಕೈಯಲ್ಲಿರುವ ಶಾಲೆಯು ಯಾರಿಗೆ ಉತ್ತರ ಹೇಳಬೇಕು, ಯಾವ ಲೆಕ್ಕವನ್ನು ಮುಂದಿಟ್ಟು ಹೇಳಬೇಕು ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಹಲವು ಹೆಸರಿನಿಂದ ಚರ್ಚೆಗೆ ಬಂದಿದೆ. ಅಮೆರಿಕದಲ್ಲಿ ಅದು ಚಾರ್ಟರ್ ಶಾಲೆಗಳ ಹೆಸರಿನಲ್ಲಿ ನಡೆಯುತ್ತಿರುವ ಚರ್ಚೆ. ಅಲ್ಲಿನ ಮಿನ್ನೆಸೋಟ ರಾಜ್ಯವು 1991ರಲ್ಲಿ ಇದಕ್ಕೆ ಮೊದಲ ಕಾನೂನನ್ನು ಮಾಡಿತು. ಮರುವರ್ಷವೇ ಮೊದಲ ಶಾಲೆ ತೆರೆಯಿತು. ನಿಗದಿತ ಅವಧಿಗೆ ಒಂದು ಸನ್ನದು, ಆ ಅವಧಿಯಲ್ಲಿ ಬೋಧನೆ ಹಾಗೂ ನೇಮಕದ ವಿಷಯದಲ್ಲಿ ಸಾಕಷ್ಟು ಸ್ವಾತಂತ್ರ್ಯ, ಅವಧಿ ಮುಗಿದಾಗ ಸಾಧನೆಯ ಪರಿಶೀಲನೆ, ಅದರ ಮೇಲೆ ಸನ್ನದಿನ ನವೀಕರಣ ಇಲ್ಲವೇ ರದ್ದತಿ, ಇದು ಅದರ ಸ್ಥೂಲ ಸ್ವರೂಪ. ಕರ್ನಾಟಕದಲ್ಲಿ ಆ ಹೆಸರಿನ ಶಾಲೆಗಳಿಲ್ಲವಾದರೂ ಅದಕ್ಕೆ ಅತ್ಯಂತ ಸಮೀಪದ ವ್ಯವಸ್ಥೆ ಅದಕ್ಕಿಂತ ಬಹಳ ಮೊದಲೇ ಬೇರೂರಿದೆ. ಅದು ನಮ್ಮ ಅನುದಾನಿತ ಶಾಲೆ. ಶಿಕ್ಷಕರ ವೇತನ ಸರ್ಕಾರದ್ದು. ಕಟ್ಟಡ, ಪ್ರವೇಶ, ಆಡಳಿತ ಸಂಸ್ಥೆಯದು. ವ್ಯತ್ಯಾಸವೆಂದರೆ ನಮ್ಮಲ್ಲಿ ಅನುದಾನಕ್ಕೆ ಅವಧಿಯಿಲ್ಲ. ಒಮ್ಮೆ ಅನುದಾನದ ಪಟ್ಟಿಗೆ ಸೇರಿದ ಶಾಲೆಯನ್ನು ಮತ್ತೆ ಪರಿಶೀಲಿಸಿ ನವೀಕರಿಸುವ ಘಟ್ಟವೊಂದು ಬರುವುದೇ ಇಲ್ಲ.

ಆದಕಾರಣ ಇಲ್ಲಿ ಶಾಲೆಯ ಸಾಧನೆಯನ್ನು ಅಳೆಯುವ ಕೆಲಸವು ಬಹುಮಟ್ಟಿಗೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಪಾಲಿಗೆ ಬಂದಿದೆ. ಫಲಿತಾಂಶ ಪ್ರಕಟವಾದ ದಿನ ಸರ್ಕಾರಿ, ಅನುದಾನಿತ, ಅನುದಾನರಹಿತ ಶಾಲೆಗಳ ಶೇಕಡಾವಾರು ಉತ್ತೀರ್ಣತೆ, ನೂರಕ್ಕೆ ನೂರು ಫಲಿತಾಂಶ ಪಡೆದ ಶಾಲೆಗಳ ಸಂಖ್ಯೆ, ಶೂನ್ಯ ಫಲಿತಾಂಶದ ಶಾಲೆಗಳ ಸಂಖ್ಯೆ ಇವೆಲ್ಲ ಪತ್ರಿಕೆಗಳಲ್ಲಿ ಬರುತ್ತವೆ. ಫಲಿತಾಂಶ ಕುಸಿದ ಅನುದಾನಿತ ಶಾಲೆಗಳ ಅನುದಾನವನ್ನು ತಡೆಹಿಡಿಯುವ ಎಚ್ಚರಿಕೆಯೂ ಹಲವು ಬಾರಿ ಕೇಳಿಬಂದಿದೆ. ಶಿಕ್ಷಕರ ಸಂಬಳ, ಅಂದರೆ ಒಂದು ಊರಿನ ಮಕ್ಕಳ ಓದು, ಈ ಒಂದು ಸಂಖ್ಯೆಯ ಮೇಲೆ ನಿಲ್ಲುವುದಾದರೆ ಆ ಸಂಖ್ಯೆ ಏನನ್ನು ಅಳೆಯುತ್ತದೆಂಬುದನ್ನು ಕೇಳಲೇಬೇಕು. ಪ್ರಸ್ತುತ ಲೇಖನದ ವಾದವಿಷ್ಟು: ಪ್ರಕಟವಾಗುವ ಶೇಕಡಾವಾರು ಅಳೆಯುವುದು ಪರೀಕ್ಷಾ ಕೊಠಡಿಯವರೆಗೆ ತಲುಪಿದ ಮಕ್ಕಳನ್ನೇ ಹೊರತು ಶಾಲೆಯನ್ನಲ್ಲ. ಶಾಲೆಯನ್ನು ಅಳೆಯಲು ಬೇಕಾದ ದತ್ತಾಂಶ ಈಗಾಗಲೇ ಸರ್ಕಾರದ ಬಳಿಯಿದೆ. ಆದರೆ ಅದು ಒಂದಕ್ಕೊಂದು ಸಂಧಿಸದ ಮೂರು ಕಡತಗಳಲ್ಲಿ ಚದುರಿಹೋಗಿದೆ.

ಈ ಮಾತನ್ನು ಅಮೂರ್ತವಾಗಿ ಹೇಳುವುದಕ್ಕಿಂತ ಒಂದು ಪ್ರದೇಶವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಕೋರ, ತುಮಕೂರು ತಾಲ್ಲೂಕಿನ ಒಂದು ಹೋಬಳಿ; ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಆಸುಪಾಸಿನ ಬಯಲು ಸೀಮೆ. ರಾಗಿ, ತೆಂಗು, ಅಡಿಕೆಯ ಈ ನೆಲದಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. 2014ರಲ್ಲಿ ಅಲ್ಲಿ ಆಹಾರ ಪಾರ್ಕ್ ಉದ್ಘಾಟನೆಯಾಯಿತು. ನಗರ ಹತ್ತಿರವಿರುವುದರಿಂದ ಅನುಕೂಲವುಳ್ಳವರ ಮಕ್ಕಳು ಬಸ್ಸು ಹತ್ತಿ ತುಮಕೂರಿನ ಶಾಲೆಗಳಿಗೆ ಹೋಗಬಲ್ಲರು. ಕೆಲಸ ಅರಸಿ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸೇರಿ ನಡುವೆಯೇ ಹೊರಡಬಲ್ಲರು. ಹೀಗೆ ಎರಡೂ ಕಡೆಯಿಂದ ಮಕ್ಕಳ ಸಂಖ್ಯೆ ಅಲುಗಾಡುವ ಪ್ರದೇಶದಲ್ಲಿ ಶಾಲೆಯ ಸಾಧನೆಯನ್ನು ಅಳೆಯುವುದು ನಿಜವಾದ ಪರೀಕ್ಷೆ.

ಮೊದಲ ತೊಡಕು ಭೂಪಟದಲ್ಲಿಯೇ ಇದೆ. ಕಂದಾಯ ಇಲಾಖೆಗೆ ತುಮಕೂರು ಒಂದು ಜಿಲ್ಲೆ. ಶಿಕ್ಷಣ ಇಲಾಖೆಗೆ ಎರಡು. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೂ, ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೂ ಸೇರಿವೆ. ಪರೀಕ್ಷಾ ಫಲಿತಾಂಶದಲ್ಲಿ ಎರಡಕ್ಕೂ ಬೇರೆ ಬೇರೆ ಸ್ಥಾನ. ಜನಗಣತಿಯ ಸಾಕ್ಷರತಾ ಪ್ರಮಾಣವನ್ನು ‘ತುಮಕೂರು’ ಎಂಬ ಹೆಸರು ನೋಡಿ ಎಸ್.ಎಸ್.ಎಲ್.ಸಿ. ಪಟ್ಟಿಯ ಪಕ್ಕಕ್ಕೆ ಬರೆದುಕೊಂಡವರು ಪಾವಗಡವನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟಂತೆಯೇ ಸರಿ. ಸಾಲದೆಂಬಂತೆ 2014ರಲ್ಲಿ ಜಿಲ್ಲೆಯ ಅಧಿಕೃತ ಹೆಸರಿನ ಇಂಗ್ಲಿಷ್ ಕಾಗುಣಿತವೂ ಬದಲಾದುದರಿಂದ ಹಳೆಯ ಹಾಗೂ ಹೊಸ ಕಡತಗಳನ್ನು ಗಣಕಯಂತ್ರ ಬೇರೆ ಬೇರೆ ಊರುಗಳೆಂದೇ ತಿಳಿಯುತ್ತದೆ. ಇದು ಸಣ್ಣ ವಿಷಯವೆನಿಸಬಹುದು. ದತ್ತಾಂಶದ ಕೆಲಸದಲ್ಲಿ ಹೆಚ್ಚಿನ ಕಾಲ ವ್ಯಯವಾಗುವುದು ಇಂಥ ಸಣ್ಣ ವಿಷಯಗಳಲ್ಲಿಯೇ.

ಎರಡನೆಯದು ಅಳತೆಗೋಲಿನ ಅಸ್ಥಿರತೆ. 2021ರಲ್ಲಿ ಕೋವಿಡ್ ಕಾರಣದಿಂದ ಸರಳೀಕರಿಸಿದ ಬಹು ಆಯ್ಕೆಯ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ಉತ್ತೀರ್ಣರಾದರು. 2022ರಲ್ಲಿ ರಾಜ್ಯದ ಫಲಿತಾಂಶ ಶೇ. 85.63, 2023ರಲ್ಲಿ ಶೇ. 83.89, 2024ರಲ್ಲಿ ಶೇ. 73.40. ಹಾಗಾದರೆ ಒಂದೇ ವರ್ಷದಲ್ಲಿ ರಾಜ್ಯದ ಶಾಲೆಗಳು ಹತ್ತು ಅಂಶಗಳಷ್ಟು ಕೆಟ್ಟವೇ? ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತು. ನಕಲಿಗೆ ಕಡಿವಾಣ ಬಿದ್ದಿತು. ಅದೇ ವರ್ಷ ಉತ್ತೀರ್ಣತೆಗೆ ಬೇಕಾದ ಅಂಕಗಳ ಮಿತಿಯನ್ನು ಶೇ. 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಈ ಸಡಿಲಿಕೆಯಿಲ್ಲದಿದ್ದರೆ ಫಲಿತಾಂಶ ಇನ್ನೂ ಬಹಳ ಕೆಳಗಿರುತ್ತಿತ್ತು. ಕೋಲಿನ ಉದ್ದವೇ ವರ್ಷದಿಂದ ವರ್ಷಕ್ಕೆ ಬದಲಾಗುವಾಗ ಒಂದು ಶಾಲೆಯ ಮೂರು ವರ್ಷಗಳ ಸರಾಸರಿಯನ್ನು ತೆಗೆದು ನೋಟಿಸು ಕೊಡುವುದರಲ್ಲಿ ಅರ್ಥವಿಲ್ಲ. ಶಾಲೆಯ ಸಂಖ್ಯೆಯನ್ನು ಅದೇ ವರ್ಷದ, ಅದೇ ತಾಲ್ಲೂಕಿನ, ಅದೇ ಬಗೆಯ ಶಾಲೆಗಳ ಸಂಖ್ಯೆಯೊಂದಿಗೆ ಮಾತ್ರ ಹೋಲಿಸಬಹುದು.

ಮೂರನೆಯದೇ ಮುಖ್ಯವಾದುದು; ಅದು ಛೇದದ ಪ್ರಶ್ನೆ. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಒಂದು ಶಾಲೆಯ 8ನೆಯ ತರಗತಿಗೆ 60 ಮಕ್ಕಳು ಸೇರಿದರು; ಎರಡು ವರ್ಷಗಳ ಬಳಿಕ 40 ಮಕ್ಕಳು ಪರೀಕ್ಷೆಗೆ ಕುಳಿತು 36 ಮಂದಿ ತೇರ್ಗಡೆಯಾದರು. ಫಲಿತಾಂಶ ಶೇ. 90. ಇನ್ನೊಂದು ಶಾಲೆಗೂ 60 ಮಕ್ಕಳು ಸೇರಿ, 55 ಮಂದಿ ಪರೀಕ್ಷೆ ಬರೆದು, 44 ಮಂದಿ ತೇರ್ಗಡೆಯಾದರು. ಫಲಿತಾಂಶ ಶೇ. 80. ಪತ್ರಿಕೆಯ ಪಟ್ಟಿಯಲ್ಲಿ ಮೊದಲನೆಯದು ಮೇಲು. ಆದರೆ ಸೇರಿದ ಮಕ್ಕಳನ್ನು ಛೇದವಾಗಿಟ್ಟರೆ ಮೊದಲನೆಯದರದು ಶೇ. 60, ಎರಡನೆಯದರದು ಶೇ. 73. ಎಂಟು ಮಕ್ಕಳನ್ನು ಹೆಚ್ಚಾಗಿ ದಡ ಸೇರಿಸಿದ ಶಾಲೆಯೇ ಪಟ್ಟಿಯಲ್ಲಿ ಕೆಳಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 8ನೆಯ ತರಗತಿಗೆ ಮುಗಿಯುವುದರಿಂದ 9ನೆಯ ತರಗತಿ ಸೋಸುವ ಜರಡಿಯಾಗುವುದಕ್ಕೆ ಎಲ್ಲ ಅವಕಾಶಗಳಿವೆ. ಹಿಂದುಳಿದ ಮಗುವನ್ನು ಅಲ್ಲಿಯೇ ಉಳಿಸುವುದು, ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವುದು, ಖಾಸಗಿ ಅಭ್ಯರ್ಥಿಯಾಗಿ ಕುಳ್ಳಿರಿಸುವುದು ಇವೆಲ್ಲ ಶೇಕಡಾವಾರನ್ನು ಏರಿಸುವ ಸುಲಭ ದಾರಿಗಳು. ಎಲ್ಲ ಶಾಲೆಗಳೂ ಹೀಗೆ ಮಾಡುತ್ತವೆಂದಲ್ಲ; ಮಾಡಿದ ಶಾಲೆಗೆ ಬಹುಮಾನವೂ, ಮಾಡದ ಶಾಲೆಗೆ ನೋಟಿಸೂ ಸಿಗುವಂತೆ ಅಳತೆ ರಚಿತವಾಗಿದೆ ಎಂಬುದೇ ಆಕ್ಷೇಪ.

ಇದರಲ್ಲಿ ಹೊಸದೇನೂ ಇಲ್ಲ. ಇಂಗ್ಲೆಂಡಿನಲ್ಲಿ 1862ರ ಸಂಹಿತೆಯು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳು ತೋರುವ ಫಲಕ್ಕೂ ಹಾಜರಾತಿಗೂ ತಕ್ಕಂತೆ ಅನುದಾನ ಕೊಡುವ ಪದ್ಧತಿಯನ್ನು ತಂದಿತು. ಸ್ವತಃ ಶಾಲಾ ಇನ್ಸ್‌ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಅದನ್ನು ಕಟುವಾಗಿ ವಿರೋಧಿಸಿದರು. 1854ರ ವುಡ್ ಅವರ ಶಿಕ್ಷಣ ನಿರೂಪದಿಂದ ಭಾರತಕ್ಕೆ ಬಂದ ಅನುದಾನ ಪದ್ಧತಿಯು ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ ಇದೇ ‘ಫಲಾನುಸಾರ ಪಾವತಿ’ಯ ರೂಪ ತಾಳಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಗೂ, ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೂ ಸೇರಿದ್ದುದರಿಂದ ಇದು ಕನ್ನಡ ನಾಡಿನ ಚರಿತ್ರೆಯೂ ಹೌದು. ಇನ್ಸ್‌ಪೆಕ್ಟರರು ಬರುವ ದಿನಕ್ಕಾಗಿ ಮಕ್ಕಳನ್ನು ಅಣಿಗೊಳಿಸುವುದೇ ಬೋಧನೆಯಾಯಿತೆಂಬ ಟೀಕೆಯ ನಡುವೆ 20ನೆಯ ಶತಮಾನದ ಆರಂಭದಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. ಅನುದಾನ ತಡೆಹಿಡಿಯುವ ಇಂದಿನ ಮಾತುಗಳಲ್ಲಿ ಆ ಹಳೆಯ ಪದ್ಧತಿ ಹಿಂಬಾಗಿಲಿನಿಂದ ಒಳಬರುತ್ತಿದೆಯೆಂದು ಈ ಲೇಖಕನಿಗೆ ತೋರುತ್ತದೆ.

ಛೇದವನ್ನು ಸರಿಪಡಿಸಲು ಬೇಕಾದ ದತ್ತಾಂಶ ಎಲ್ಲಿದೆ? 1990ರ ದಶಕದ ಮಧ್ಯದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಅಂಗವಾಗಿ ಆರಂಭವಾದ ಡೈಸ್ ವ್ಯವಸ್ಥೆ 2012-13ರಿಂದ ಪ್ರೌಢಶಾಲೆಗಳನ್ನೂ ಒಳಗೊಂಡು ಯು-ಡೈಸ್ ಆಯಿತು. ಮುಂದೆ ಯು-ಡೈಸ್ ಪ್ಲಸ್ ಎಂಬ ಹೆಸರು ಪಡೆಯಿತು. ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ಸಂಖ್ಯೆಯುಂಟು. ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ತರಗತಿವಾರು ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯಗಳ ವಿವರವನ್ನು ಶಾಲಾವಾರು ಯಾರು ಬೇಕಾದರೂ ನೋಡಬಹುದು. 2022-23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಪ್ರತಿ ವಿದ್ಯಾರ್ಥಿಯ ದಾಖಲೆಯನ್ನು ಸಂಗ್ರಹಿಸಲಾಗುತ್ತಿದೆ. ರಾಜ್ಯದ್ದೇ ಆದ ವಿದ್ಯಾರ್ಥಿ ಸಾಧನೆ ಜಾಡು ಹಿಡಿಯುವ ವ್ಯವಸ್ಥೆಯೂ (ಎಸ್.ಎ.ಟಿ.ಎಸ್.) ಇದೆ, ಮಗು ಶಾಲೆ ಬದಲಿಸಿದರೂ ಅದರ ಸಂಖ್ಯೆ ಬದಲಾಗದು. ಕೋರದ ಶಾಲೆಯೊಂದನ್ನು ಬಿಟ್ಟ ಮಗು ತುಮಕೂರಿನ ಶಾಲೆಗೆ ಸೇರಿತೋ, ಓದನ್ನೇ ಬಿಟ್ಟಿತೋ ಎಂಬುದನ್ನು ಬಿಡಿಸಿ ಹೇಳಬಲ್ಲದ್ದು ಈ ಸಂಖ್ಯೆ ಮಾತ್ರ. ಮೇಲಿನ ಉದಾಹರಣೆಯಲ್ಲಿ ಕಾಣೆಯಾದ 20 ಮಕ್ಕಳನ್ನೂ ಶಾಲೆಯ ತಪ್ಪೆಂದು ಎಣಿಸುವುದು ಅನ್ಯಾಯವಾದೀತು. ಅವರಲ್ಲಿ ಬೇರೆಡೆ ಓದು ಮುಂದುವರಿಸಿದವರನ್ನು ಕಳೆದ ಮೇಲೆ ಉಳಿದವರೇ ಲೆಕ್ಕಕ್ಕೆ ಬರಬೇಕಾದವರು. ಆದರೆ ಪರೀಕ್ಷಾ ಮಂಡಳಿಯು ಶಾಲೆಗಳಿಗೆ ತನ್ನದೇ ಸಂಕೇತವನ್ನು ಬಳಸುತ್ತದೆ. ಅನುದಾನದ ಲೆಕ್ಕ ಮೂರನೆಯ ಕಡೆ, ವೇತನ ಬಿಲ್ಲುಗಳಲ್ಲಿ. ಮೂರನ್ನೂ ಒಂದೇ ಸಂಖ್ಯೆಯಡಿ ಜೋಡಿಸಿದ ಸಾರ್ವಜನಿಕ ಪಟ್ಟಿ ಜನರ ಕೈಗೆ ಬರದಿರುವವರೆಗೆ ಶಾಲೆಯ ಸಾಧನೆಯೆಂಬುದು ಊಹೆಯ ಮಾತು.

ಸೇರುವ ಮಕ್ಕಳ ಹಿನ್ನೆಲೆಯನ್ನು ಗಣಿಸುವುದು ಹೇಗೆಂಬುದಕ್ಕೆ ಚಾರ್ಟರ್ ಶಾಲೆಗಳ ಅಧ್ಯಯನದಿಂದ ಪಾಠವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರವು ಚಾರ್ಟರ್ ಶಾಲೆಯ ಪ್ರತಿ ವಿದ್ಯಾರ್ಥಿಗೂ ಅದೇ ಹಿನ್ನೆಲೆಯ, ಹಿಂದಿನ ವರ್ಷ ಅಷ್ಟೇ ಅಂಕ ಪಡೆದ, ನೆರೆಯ ಸರ್ಕಾರಿ ಶಾಲೆಯ ವಿದ್ಯಾರ್ಥಿಗಳ ದಾಖಲೆಗಳಿಂದ ಒಂದು ‘ಅವಳಿ’ಯನ್ನು ರೂಪಿಸಿ ಇಬ್ಬರ ಮುನ್ನಡೆಯನ್ನು ಹೋಲಿಸುತ್ತದೆ. 2009ರ ಅದರ ವರದಿಯಲ್ಲಿ ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಮಾತ್ರ ಮೇಲಿದ್ದವು, ಶೇ. 37ರಷ್ಟು ಕೆಳಗಿದ್ದವು, ಉಳಿದವುಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. 2023ರ ವರದಿಯ ವೇಳೆಗೆ ಸರಾಸರಿ ಚಾರ್ಟರ್ ಶಾಲೆ ಅಲ್ಪ ಪ್ರಮಾಣದಲ್ಲಿ ಮುಂದಿತ್ತು. ಈ ವಿಧಾನದ ಬಗ್ಗೆ ಅಲ್ಲಿ ತಕರಾರುಗಳಿಲ್ಲದಿಲ್ಲ. ಆದರೂ ಎಲ್ಲಿಂದ ಎಲ್ಲಿಗೆ ಮಗು ಸಾಗಿತೆಂಬುದನ್ನು ಅದು ನೋಡುತ್ತದೆ. ನಮ್ಮಲ್ಲಿ ನಗರದ ಹೆಸರಾಂತ ಶಾಲೆಯು ಆಯ್ದ ಮಕ್ಕಳನ್ನು ಸೇರಿಸಿಕೊಂಡು ಪಡೆಯುವ ಶೇ. 95ಕ್ಕೂ, ಕ್ಯಾತ್ಸಂದ್ರದ ಸಿದ್ಧಗಂಗಾ ಮಠದಂಥ ಕಡೆ ರಾಜ್ಯದ ಮೂಲೆಮೂಲೆಗಳಿಂದ ಬಂದು ಉಚಿತ ಅನ್ನ, ವಸತಿ ಪಡೆದು ಓದುವ ಬಡ ಮಕ್ಕಳ ಫಲಿತಾಂಶಕ್ಕೂ ಒಂದೇ ಗೆರೆ ಎಳೆಯುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ ಇದಕ್ಕೆ ಪೂರ್ವಭಾವಿಯಾದ ಪ್ರಯತ್ನಗಳು ನಡೆದಿವೆ. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರದೊಡನೆ ಈಶಾನ್ಯ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆರಂಭಿಸಿದ ಕಲಿಕಾ ಖಾತರಿ ಕಾರ್ಯಕ್ರಮವು ಬಹುಮಾನಕ್ಕೆ ಕಲಿಕೆಯೊಂದನ್ನೇ ಅಲ್ಲದೆ ದಾಖಲಾತಿ ಹಾಗೂ ಹಾಜರಾತಿಯನ್ನೂ ಷರತ್ತಾಗಿ ಇಟ್ಟಿತ್ತು. ದುರ್ಬಲ ಮಗುವನ್ನು ಹೊರಗಿಟ್ಟು ಗೆಲ್ಲುವ ದಾರಿ ಅಲ್ಲಿ ಮುಚ್ಚಿತ್ತು. ಅಳತೆಯ ದೃಷ್ಟಿಯಿಂದ ಅದು ಎಸ್.ಎಸ್.ಎಲ್.ಸಿ. ಪಟ್ಟಿಗಿಂತ ಪ್ರಾಮಾಣಿಕವಾದುದು. 2005-06ರ ಸುಮಾರಿಗೆ ರಾಜ್ಯ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆಯೂ ರೂಪುಗೊಂಡಿತು. ಸಣ್ಣ ಶಾಲೆಗಳ ವಿಷಯದಲ್ಲಿ ಮಾತ್ರ ಯಾವ ಅಳತೆಯೂ ಎಚ್ಚರಿಕೆಯನ್ನು ಬೇಡುತ್ತದೆ: 12 ಮಕ್ಕಳು ಪರೀಕ್ಷೆಗೆ ಕುಳಿತ ಶಾಲೆಯಲ್ಲಿ ಇಬ್ಬರ ಸೋಲು ಎಂದರೆ 17 ಅಂಶಗಳ ಕುಸಿತ.

ಉತ್ತರದಾಯಿತ್ವ ಒಮ್ಮುಖವಾದುದಲ್ಲ. ಅನುದಾನಿತ ಶಾಲೆಯಲ್ಲಿ ಶಿಕ್ಷಕರು ನಿವೃತ್ತರಾದರೆ ಆ ಹುದ್ದೆ ತುಂಬಲು ಇಲಾಖೆಯ ಅನುಮತಿ ಬೇಕು. ಗಣಿತದ ಹುದ್ದೆ ವರ್ಷಗಟ್ಟಲೆ ಖಾಲಿಯಿದ್ದ ಶಾಲೆಯ ಮಕ್ಕಳು ಗಣಿತದಲ್ಲಿ ಸೋತರೆ ನೋಟಿಸು ಯಾರಿಗೆ ಹೋಗಬೇಕು? ಫಲಿತಾಂಶದ ಪಕ್ಕದಲ್ಲಿ ಮಂಜೂರಾದ ಹಾಗೂ ಭರ್ತಿಯಾದ ಹುದ್ದೆಗಳನ್ನು ಮುದ್ರಿಸಿದರೆ ಈ ಪ್ರಶ್ನೆಯನ್ನು ಯಾರೂ ಬಿಡಿಸಿ ಕೇಳಬೇಕಾಗಿಲ್ಲ. ಹಣದ ಲೆಕ್ಕವೂ ಅಷ್ಟೇ. ಶಿಕ್ಷಣ ಹಕ್ಕು ಕಾಯ್ದೆಯ 12(1)(ಬಿ) ಉಪಪ್ರಕರಣದ ಪ್ರಕಾರ ಅನುದಾನಿತ ಶಾಲೆಯು ತನ್ನ ವಾರ್ಷಿಕ ಆವರ್ತಕ ವೆಚ್ಚದಲ್ಲಿ ಅನುದಾನ ಎಷ್ಟು ಪಾಲೋ ಅಷ್ಟು ಪ್ರಮಾಣದ ಮಕ್ಕಳಿಗೆ, ಕನಿಷ್ಠ ಶೇ. 25ರಷ್ಟು ಮಂದಿಗೆ, ಉಚಿತ ಪ್ರಾಥಮಿಕ ಶಿಕ್ಷಣ ಕೊಡಬೇಕು. ಶಾಲೆಯ ಆಯವ್ಯಯ ಬಹಿರಂಗವಾಗದೆ ಆ ಪಾಲನ್ನು ಪೋಷಕರು ಲೆಕ್ಕ ಹಾಕುವಂತಿಲ್ಲ. ಪೋಷಕರ ಕೈಯಲ್ಲಿರುವ ಅಧಿಕಾರವೂ ಕಡಿಮೆ: 2001ರ ಸರ್ಕಾರಿ ಆದೇಶದಿಂದ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಸರ್ಕಾರಿ ಶಾಲೆಗಳಿಗೆ ಸಂಬಂಧಿಸಿದವು, ಅನುದಾನಿತ ಶಾಲೆಗಳ ಸಮಿತಿಗಳು 2012ರ ತಿದ್ದುಪಡಿಯ ಬಳಿಕ ಕೇವಲ ಸಲಹಾತ್ಮಕ.

ಹೀಗಿರುವಾಗ ನಾಗರಿಕರಿಗೂ ಸಂಶೋಧಕರಿಗೂ ಉಳಿದಿರುವ ಗಟ್ಟಿಯಾದ ಆಸರೆ 2005ರ ಮಾಹಿತಿ ಹಕ್ಕು ಅಧಿನಿಯಮ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಸಾರ್ವಜನಿಕ ಪ್ರಾಧಿಕಾರಗಳೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಡಿ.ಎ.ವಿ. ಕಾಲೇಜು ಟ್ರಸ್ಟಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಕೋರ ಹೋಬಳಿಯ ಮಟ್ಟದಲ್ಲಿ ಅಧ್ಯಯನ ಕೈಗೊಳ್ಳುವವರು ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೆ ಸಲ್ಲಿಸುವ ಅರ್ಜಿಯಲ್ಲಿ ಪ್ರತಿ ಶಾಲೆಗೂ ಯು-ಡೈಸ್ ಸಂಖ್ಯೆ ಮತ್ತು ಪರೀಕ್ಷಾ ಮಂಡಳಿಯ ಸಂಕೇತ, ಎರಡು ವರ್ಷ ಹಿಂದಿನ 8ನೆಯ ತರಗತಿಯ ದಾಖಲಾತಿ, ಅವರಲ್ಲಿ ವರ್ಗಾವಣೆ ಪಡೆದು ಬೇರೆಡೆ ದಾಖಲಾದವರ ಸಂಖ್ಯೆ, ಮೊದಲ ಬಾರಿಗೆ ಪರೀಕ್ಷೆ ಬರೆದವರು ಹಾಗೂ ಉತ್ತೀರ್ಣರಾದವರು, ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳು, ಆ ವರ್ಷ ಬಿಡುಗಡೆಯಾದ ವೇತನಾನುದಾನ ಇಷ್ಟನ್ನು ಕೇಳಬೇಕು. ಮಕ್ಕಳ ಹೆಸರುಗಳನ್ನು ಕೇಳುವ ಅಗತ್ಯವಿಲ್ಲ, ಕೇಳಲೂಬಾರದು. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳ ಅಂಕಿಗಳನ್ನು ಮೂರು ವರ್ಷ ಒಟ್ಟುಗೂಡಿಸಿ ಪಡೆಯುವುದು ಸೂಕ್ತ.