ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆಯೇ?

ಬೆಂಗಳೂರಿನ ಕಾರ್ಯಕ್ರಮಕ್ಕೆ ಹೊರಡುವ ಕಾಸರಗೋಡಿನ ಸದಸ್ಯರು "ಮಂಗಳೂರಿನಿಂದ ವಿಮಾನದಲ್ಲಿ ಒಂದೇ ಗಂಟೆಯಲ್ಲವೇ?" ಎನ್ನುವುದುಂಟು. ಮಂಗಳೂರು–ಬೆಂಗಳೂರು ನೇರ ಆಕಾಶದೂರ ಸುಮಾರು 300 ಕಿ.ಮೀ.; ಘಾಟಿ ಹತ್ತಿ ರಸ್ತೆಯಲ್ಲಿ ಹೋದರೆ ಸುಮಾರು 350. ಟಿಕೆಟಿನ ಆ ಒಂದು ಗಂಟೆಯಲ್ಲಿ ವಿಮಾನ ರನ್‌ವೇಗೆ ಸಾಗುವ, ಇಳಿದು ನಿಲ್ಲುವ ಹೊತ್ತೂ ಸೇರಿದೆ. ಆದರೆ ಕಾಸರಗೋಡಿನಿಂದ ಬಜ್ಪೆಗೆ ಎರಡು ಗಂಟೆ, ಅಲ್ಲಿ ತಪಾಸಣೆ, ಕಾಯುವಿಕೆಗೆ ಇನ್ನೆರಡು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೂವರೆ ಇಟ್ಟುಕೊಳ್ಳಿ. ಒಟ್ಟು ಆರೂವರೆ ಗಂಟೆ ಆಯಿತು! ಬೆಳಿಗ್ಗೆ ಹತ್ತರ ಸಭೆಗಾದರೆ ರಾತ್ರಿ ಬಸ್ಸೇ ವಾಸಿ. ಮಂಡಿನೋವಿನ ಹಿರಿಯರಿಗೆ ಮಾತ್ರ ವಿಮಾನವೇ ಹಿತ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿಯುವುದೂ ಉಂಟು, ಗುಡ್ಡದ ಮೇಲಿರುವ ಬಜ್ಪೆಯಲ್ಲಿ ಮೋಡ ಕವಿದು ವಿಮಾನ ತಡವಾಗುವುದೂ ಉಂಟು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.