ನಾನೂರು ಮೈಕ್ರಾನಿನ ಗೆರೆ

ಸ್ಕ್ಯಾನ್ ಹಾಳೆಯಲ್ಲಿ ಹಸಿರು, ಹಳದಿ, ಕೆಂಪು ಬಳಿದ ದುಂಡು ಚಿತ್ರ. ಅದರ ಪಕ್ಕ 430 ಎಂದು ಬಂದಿದೆ ಎಂದಿಟ್ಟುಕೊಳ್ಳಿ. ಒಬ್ಬ ಹುಡುಗನ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅತಿ ತೆಳುವಾದ ಕಡೆ ಅಷ್ಟು ಮೈಕ್ರಾನ್ ದಪ್ಪ ಉಳಿದಿದೆ. ಸಾಮಾನ್ಯ ಕಣ್ಣಿನ ನಡುವೆ ಸುಮಾರು 540 ಇರುತ್ತದೆ. ಅದೂ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, ಅಷ್ಟೆ.

ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಈ ಪದರ ಸವೆದು ಶಂಕುವಿನಂತೆ ಮುಂದೆ ಉಬ್ಬುತ್ತದೆ. ಹೆಚ್ಚಾಗಿ ಹದಿಹರೆಯದಲ್ಲೇ ಶುರು. ತುರಿಕೆಗೆ ಕಣ್ಣುಜ್ಜುವ ಚಟವಿದ್ದರೆ ಕಾಯಿಲೆ ಬಿರುಸಾಗುತ್ತದೆ. ಅದಿರು ಲಾರಿಗಳ ಕೆಂಧೂಳಿನ ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಕಣ್ಣುಜ್ಜಬೇಡ ಎನ್ನುವುದು ಸುಲಭ, ಕೇಳುವುದು ಕಷ್ಟ.

ಸವೆತ ನಿಲ್ಲಿಸಲು ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಇದೆ. 2003ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಿಂದ ಪ್ರಕಟವಾದ ಪದ್ಧತಿ: 30 ನಿಮಿಷ ರೈಬೋಫ್ಲೇವಿನ್ ಹನಿ, 30 ನಿಮಿಷ ನೇರಳಾತೀತ ಬೆಳಕು. ಒಳಪದರದ ಜೀವಕೋಶ ಸುಡದಿರಲು 400 ಮೈಕ್ರಾನ್ ಬೇಕು. ಮೊದಲು ಮೇಲಿನ ಸಿಪ್ಪೆ ಕೆರೆಯುತ್ತಾರೆ, ಅದಕ್ಕೇ 50 ಹೋಯಿತು. 430ರಲ್ಲಿ ಉಳಿದದ್ದು 380. ಕೊರತೆ 20.

ಈ ಇಪ್ಪತ್ತನ್ನು ತುಂಬಲು ಮೂರು ದಾರಿ. ತೆಳು ದ್ರಾವಣ ಹಾಕಿ ಕಾರ್ನಿಯಾವನ್ನು ನೀರು ಕುಡಿಸಿ ಉಬ್ಬಿಸುವುದು ಒಂದು. ಚೆನ್ನೈನ ಡಾ. ಸೂಸನ್ ಜೇಕಬ್ 2014ರಲ್ಲಿ ಪ್ರಕಟಿಸಿದ್ದು ಇನ್ನೊಂದು: ಸುಮಾರು 90 ಮೈಕ್ರಾನಿನ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸನ್ನು ರೈಬೋಫ್ಲೇವಿನ್‌ನಲ್ಲಿ ನೆನೆಸಿ ಮೇಲಿಡುವುದು. ನನಗೆ ಇದರ ಸರಳತೆಯೇ ಇಷ್ಟ. ಮೂರನೆಯದು ಉಳಿದ ದಪ್ಪಕ್ಕೆ ತಕ್ಕಂತೆ ಬೆಳಕಿನ ಹೊತ್ತನ್ನೇ ಇಳಿಸುವುದು. ಯಾವುದಾದರೂ ಸವೆತ ಸಾಮಾನ್ಯವಾಗಿ ನಿಲ್ಲುತ್ತದೆ, ಕನ್ನಡಕವೋ ಲೆನ್ಸೋ ತಪ್ಪುವುದಿಲ್ಲ.

ಕಾರ್ನಿಯಾ ತೀರಾ ತೆಳುವಾಗಿ ಕಲೆಗಟ್ಟಿದರೆ ಕಸಿಯೇ ಗತಿ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಸಂದದ್ದು ನೆನಪಿದೆಯಲ್ಲ: ಮೇಲ್ಪದರ ಇಬ್ಬರಿಗೆ, ಒಳಪದರ ಇಬ್ಬರಿಗೆ. ಕೆರಟೋಕೋನಸ್‌ನವರಿಗೂ ಸಾಮಾನ್ಯವಾಗಿ ಮೇಲ್ಪದರ ಸಾಕು, ಒಳಪದರ ಅವರದೇ ಚೆನ್ನಾಗಿರುತ್ತದೆ. ಆದರೆ ಕೂದಲಿಗಿಂತ ತೆಳು ದಾರದ ಹದಿನಾರರಷ್ಟು ಹೊಲಿಗೆ, ತಿಂಗಳುಗಟ್ಟಲೆ ಹನಿ.

ಇನ್ನು ಚಿಕಿತ್ಸೆಗೆ ಹೋಗಿಬರುವ ದಾರಿ ಖರ್ಚು. ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿ.ಮೀ.; ಹಿರಿಯೂರಿನವರಿಗೆ 40 ಕಡಿಮೆ. ಹೊಳಲ್ಕೆರೆಯವರಿಗೆ ಚಿಕ್ಕಜಾಜೂರಿನಲ್ಲಿ ರೈಲುಂಟು. ಹೊಸದುರ್ಗ ರೋಡ್ ನಿಲ್ದಾಣ ಹೆಸರಿಗಷ್ಟೇ ಹೊಸದುರ್ಗದ್ದು, ಪೇಟೆಯಿಂದ ದೂರ. ಕ್ರಾಸ್‌ಲಿಂಕಿಂಗ್‌ಗೆ ಸ್ಕ್ಯಾನು, ಚಿಕಿತ್ಸೆ, ತಪಾಸಣೆ ಸೇರಿ ಆರು ಸಲ ಎಂದು ನನ್ನ ಅಂದಾಜು. ಚಿತ್ರದುರ್ಗದಿಂದ ಹೋಗಿಬರಲು 2,400 ಕಿ.ಮೀ. ಆಯಿತು. ತಾಯಿ-ಮಗ ಇಬ್ಬರ ಆರು ದಿನದ ಕೂಲಿ, 2025-26ರ ನರೇಗಾ ದರ 370ರಂತೆ, 4,440 ರೂಪಾಯಿ. 2023ರ ಜೂನ್‌ನಿಂದ ತಾಯಿಗೆ ಶಕ್ತಿ ಯೋಜನೆಯ ಉಚಿತ ಬಸ್ ಟಿಕೆಟ್. ಮಗನಿಗೆ ದುಡ್ಡು ಕೊಡಬೇಕು. ಕಸಿಯಾದರೆ ಓಡಾಟ ದುಪ್ಪಟ್ಟು ಹಿಡಿಯಿರಿ: ಕೂಲಿಯೇ 8,880.

ಇದು ಒಂದು ಕಣ್ಣಿನ ಲೆಕ್ಕ. ಕಾಯಿಲೆ ಬಹುಪಾಲು ಎರಡಕ್ಕೂ ಬರುತ್ತದೆ, ಒಂದರಲ್ಲಿ ತಡವಾಗಿ. ಆ ಕಣ್ಣಿನಲ್ಲಿ ಇನ್ನೂ 470 ಇದ್ದರೆ ಕೆರೆದ ಮೇಲೂ 420 ಉಳಿಯುತ್ತದೆ. ಹಾಳೆ ಕೈಗೆ ಬಂದಾಗ ಆ ಅಂಕಿಯನ್ನೂ ಕೇಳಿ ಬರೆದುಕೊಳ್ಳಿ.