ವೃದ್ಧರು ಜಾರಿಬೀಳುವುದೂ ಅದರ ನಿವಾರಣೋಪಾಯಗಳೂ

ಅಡಿಕೆಗೆ ಕೊಳೆರೋಗವು ತಗಲುವುದಕ್ಕೆ ಮುಂಚೆಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂಬುದನ್ನು ಮಲೆನಾಡಿನ ಕೃಷಿಕರೆಲ್ಲರೂ ಬಲ್ಲರು. ಆದರೆ ಅದೇ ಮಳೆಗಾಲದಲ್ಲಿ ಮನೆಯ ಹಿರಿಯರು ಅಂಗಳದ ಪಾಚಿಯ ಮೇಲೆ ಜಾರಿಬಿದ್ದರೆ ಅದನ್ನು ವಿಧಿಯೆಂದು ಎಣಿಸುವವರು ಬಹುಮಂದಿ. ಇದು ವಿಧಿಯಲ್ಲ; ಬಹುಮಟ್ಟಿಗೆ ತಪ್ಪಿಸಬಹುದಾದ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿದ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಮೃತರಾಗುತ್ತಾರೆ; ಅವರಲ್ಲಿ 60 ವರ್ಷ ಮೀರಿದವರೇ ಅಧಿಕ. ಮೂಳೆಗಳು ಟೊಳ್ಳಾದ ವಯಸ್ಸಿನಲ್ಲಿ ಸೊಂಟದ ಬಳಿ ತೊಡೆಯೆಲುಬು ಮುರಿದರೆ, ನಿನ್ನೆಯವರೆಗೆ ತೋಟವನ್ನು ಸುತ್ತಿಬರುತ್ತಿದ್ದವರು ಹಾಸಿಗೆ ಹಿಡಿಯುವರು.

ಬೀಳುವುದಕ್ಕೆ ಕಾರಣಗಳು ಕೆಲವು ಮನೆಯಲ್ಲಿವೆ, ಕೆಲವು ದೇಹದಲ್ಲಿವೆ.

ಮನೆಯಲ್ಲಿ ಮಾಡತಕ್ಕದ್ದು: ಅಂಗಳದ ಮತ್ತು ಬಚ್ಚಲಿನ ಪಾಚಿಯನ್ನು ಆಗಾಗ್ಗೆ ಉಜ್ಜಿ ತೆಗೆಯಬೇಕು. ಕೊಟ್ಟಿಗೆಯಲ್ಲಿ ಗಂಜಲವು ನಿಲ್ಲದಂತೆ ಇಳಿಜಾರು ಕೊಡಬೇಕು. ದಾರಿಗೆ ಹಾಸಿದ ಅಡಿಕೆ ದಬ್ಬೆಗಳು ಕೊಳೆತು ಅಲುಗಾಡುತ್ತಿದ್ದರೆ ಕೂಡಲೇ ಬದಲಾಯಿಸಬೇಕು. ಬಚ್ಚಲಿನ ಗೋಡೆಗೆ ಕೈಯಾಸರೆಯಾಗಿ ಭದ್ರವಾದ ಕಂಬಿಯನ್ನೂ, ಎತ್ತರವಾದ ಹೊಸ್ತಿಲಿಗೆ ಬಿಳಿಯ ಪಟ್ಟೆಯನ್ನೂ ಹಾಕುವುದು ಒಳ್ಳೆಯದು. ಹಾಸಿಗೆಯ ಪಕ್ಕದಲ್ಲಿ ಕೈಗೆಟಕುವಂತೆ ಬ್ಯಾಟರಿ ದೀಪವಿರಲಿ. ದಿನಬಳಕೆಯ ಪದಾರ್ಥಗಳನ್ನು ಅಟ್ಟದ ಮೇಲಿಡಬಾರದು.

ದೇಹದ ವಿಷಯದಲ್ಲಿ: ಕಣ್ಣಿನ ಪೊರೆಯನ್ನು ಅಲಕ್ಷ್ಯ ಮಾಡದೆ ಚಿಕಿತ್ಸೆ ಮಾಡಿಸತಕ್ಕದ್ದು. ರಕ್ತದೊತ್ತಡದ ಅಥವಾ ನಿದ್ರೆಯ ಮಾತ್ರೆಗಳಿಂದ ಕೆಲವರಿಗೆ ಎದ್ದೊಡನೆ ತಲೆ ತಿರುಗುವುದುಂಟು. ಅಂಥವರು ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಬಳಿಕ ಏಳಬೇಕು. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಬಿದ್ದಾರೆಂಬ ಭಯದಿಂದ ಹಿರಿಯರನ್ನು ಮೂಲೆಯಲ್ಲಿ ಕೂಡಿಸುವುದು ಪರಿಹಾರವಲ್ಲ. ಕಾಲಿಗೆ ಕೆಲಸವಿಲ್ಲದಿದ್ದರೆ ಮಾಂಸಖಂಡಗಳು ಸೊರಗಿ, ಬೀಳುವ ಸಂಭವವೇ ಹೆಚ್ಚುವುದು. ಸಮತೋಲವನ್ನೂ ಕಾಲಿನ ಬಲವನ್ನೂ ಬೆಳೆಸುವ ವ್ಯಾಯಾಮದಿಂದ ಬೀಳುವಿಕೆಯು ಸುಮಾರು ಕಾಲುಭಾಗದಷ್ಟು ತಗ್ಗುವುದೆಂದು 2019ರಲ್ಲಿ ಪ್ರಕಟವಾದ ಸಂಶೋಧನಾ ವಿಮರ್ಶೆಯೊಂದು ತೋರಿಸಿದೆ. ಆದುದರಿಂದ ಅಡಿಕೆ ಆರಿಸುವುದು, ಹೂಗಿಡಗಳಿಗೆ ನೀರೆರೆಯುವುದು ಮುಂತಾದ ಕೆಲಸಗಳನ್ನು ಅವರಿಂದ ಕಿತ್ತುಕೊಳ್ಳಬಾರದು. ಬೇಕಾದರೆ ಊರುಗೋಲನ್ನು ಒದಗಿಸತಕ್ಕದ್ದು.

ಇಷ್ಟಾದರೂ ಯಾರಾದರೂ ಬಿದ್ದರೆ ರಟ್ಟೆ ಹಿಡಿದು ಎಳೆದೆಬ್ಬಿಸಕೂಡದು. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಲುಬು ಮುರಿದಿರುವ ಸಂಭವವುಂಟು. ಅಂಥವರನ್ನು ಅಲುಗಾಡಿಸದೆ, ಎಣ್ಣೆ ತಿಕ್ಕದೆ, 108ಕ್ಕೆ ದೂರವಾಣಿಯ ಮೂಲಕ ತಿಳಿಸಿ ಆಸ್ಪತ್ರೆಗೆ ಸಾಗಿಸಬೇಕು.

ಮಳೆಗೆ ಮುಂಚೆ ತೋಟದ ಬಸಿಗಾಲುವೆಯನ್ನು ಬಿಡಿಸುವ ದಿನವೇ ಅಂಗಳವನ್ನೂ ಬಚ್ಚಲನ್ನೂ ಒಮ್ಮೆ ಪರೀಕ್ಷಿಸುವ ಪದ್ಧತಿಯನ್ನು ಪ್ರತಿಯೊಬ್ಬ ರೈತನೂ ಇಟ್ಟುಕೊಂಡರೆ ಬಹಳ ಪ್ರಯೋಜನವಾಗುವುದು.